ಹೊಸ ಕ್ಲೇ ಬಂತಂತೆ, ಹಳೆಯದು ನಿಲ್ಲುತ್ತಂತೆ: ಯಾವ ಸುದ್ದಿಗೆ ಕಿವಿ ಕೊಡಬೇಕು?

ಪ್ರಶ್ನೆ: ನಾನು ಎರಡು ವರ್ಷದಿಂದ ಸಿಲ್ವರ್ ಕ್ಲೇಯಲ್ಲಿ (ಮಣ್ಣಿನಂತೆ ರೂಪಿಸಿ ಸುಟ್ಟರೆ ಬೆಳ್ಳಿಯಾಗುವ ಮುದ್ದೆ) ಪೆಂಡೆಂಟ್, ಓಲೆ, ಉಂಗುರ ಮಾಡುತ್ತಿದ್ದೇನೆ. ಅದನ್ನು ಸುಡುವ ಗೂಡು, ಒಂದು ಚಿಕ್ಕ ಕಿಲ್ನ್ ಇದೆ. ಈಚೆಗೆ ಮೆಟಲ್ ಕ್ಲೇ ಮಾಡುವವರ ಬಳಗದಲ್ಲಿ ದಿನಕ್ಕೊಂದು ಸುದ್ದಿ. ನಾನು ಬಳಸುವ ಕ್ಲೇ ತಯಾರಿಕೆಯೇ ನಿಲ್ಲುತ್ತದೆ ಅಂತ ಒಬ್ಬರು ಹೇಳುತ್ತಾರೆ. ಇದ್ದಿಲಿಲ್ಲದೆ ಸುಡಬಹುದಾದ ಹೊಸ ಕ್ಲೇ ಬಂದಿದೆ ಅಂತ ಇನ್ನೊಬ್ಬರು. ಜೊತೆಗೆ ಸ್ಪರ್ಧೆಗಳು, ಆನ್‌ಲೈನ್ ತರಗತಿಗಳು, ಸಮ್ಮೇಳನಗಳು. ಎಲ್ಲದರ ಹಿಂದೆ ಹೋದರೆ ಕೆಲಸಕ್ಕೆ ಸಮಯ ಉಳಿಯಲ್ಲ. ಬಿಟ್ಟರೆ ಹಿಂದೆ ಬೀಳುತ್ತೇನೆ ಅನ್ನುವ ಭಯ. ಯಾವುದನ್ನು ನಂಬಲಿ? ನನ್ನ ಕ್ಲೇ ನಿಜವಾಗಿಯೂ ನಿಂತು ಹೋದರೆ ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಭಯದ ಬಗ್ಗೆ ಮಾತಾಡೋಣ. ಎರಡು ವರ್ಷದಲ್ಲಿ ನೀವು ಕಲಿತಿರುವುದು ತೆಳ್ಳಗೆ ಲಟ್ಟಿಸುವುದು, ಬಿರುಕು ಬಿಡದಂತೆ ಒಣಗಿಸುವುದು, ಅಂಚು ಉಜ್ಜುವುದು, ಜೋಡಣೆ ಗಟ್ಟಿ ಮಾಡುವುದು. ಇವು ನಿಮ್ಮ ಕೈಯಲ್ಲಿವೆ. ಯಾವ ಕಂಪನಿ ಯಾವ ಪೊಟ್ಟಣ ನಿಲ್ಲಿಸಿದರೂ ಅವು ಎಲ್ಲೂ ಹೋಗಲ್ಲ. ಬದಲಾಗುವುದು ಅಂಕಿಗಳು ಮಾತ್ರ: ಎಷ್ಟು ಕುಗ್ಗುತ್ತದೆ, ಎಷ್ಟು ಡಿಗ್ರಿಗೆ ಸುಡಬೇಕು, ಎಷ್ಟು ಹೊತ್ತು ಹಿಡಿಯಬೇಕು. ಹಾಗಾಗಿ ಬಳಗದಲ್ಲಿ ಏನೇ ಸುದ್ದಿ ಬಂದರೂ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದರಿಂದ ನನ್ನ ಅಂಕಿ ಬದಲಾಗುತ್ತದಾ? ಆಗುತ್ತದೆ ಅಂದರೆ ಕೂತು ಓದಿ, ಪರೀಕ್ಷೆ ಮಾಡಿ. ಇಲ್ಲ ಅಂದರೆ ಆ ಸುದ್ದಿ ವಾರಾಂತ್ಯದವರೆಗೆ ಕಾಯಬಹುದು.

ಈ ಪ್ರಶ್ನೆ ಯಾಕೆ ಸಾಕಾಗುತ್ತದೆ ಅನ್ನುವುದಕ್ಕೆ ಪೊಟ್ಟಣದ ಒಳಗೆ ಏನಿದೆ ಅಂತ ನೋಡಬೇಕು. ಅಲ್ಲಿರುವುದು ಮೂರೇ: ಲೋಹದ ಸಣ್ಣ ಪುಡಿ, ಅದನ್ನು ಹಿಡಿದಿಡುವ ಬೈಂಡರ್, ನೀರು. ಒಣಗಿದಾಗ ನೀರು ಹೋಗುತ್ತದೆ. ಕಿಲ್ನ್‌ನಲ್ಲಿ ಬೈಂಡರ್ ಸುಟ್ಟು ಹೋಗುತ್ತದೆ. ಉಳಿದ ಲೋಹದ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದೇ ಸಿಂಟರಿಂಗ್. ಶುದ್ಧ ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಕೆಳಗಿನ ಶಾಖದಲ್ಲೇ, ಕಣಗಳು ತಾಗಿರುವ ಕಡೆ ಪರಮಾಣುಗಳು ಸರಿದಾಡಿ ಆ ಜಾಗ ದಪ್ಪವಾಗುತ್ತಾ ಹೋಗುತ್ತದೆ. ನಡುವಿನ ಖಾಲಿ ಜಾಗ ಕಿರಿದಾಗುತ್ತದೆ. ಆಭರಣ ಕುಗ್ಗುವುದೂ, ಗಟ್ಟಿಯಾಗುವುದೂ ಇದರಿಂದಲೇ. ಇಷ್ಟು ಗೊತ್ತಿದ್ದರೆ, ಹೊಸ ಕ್ಲೇ ಅಂತ ಯಾರೇ ಹೇಳಿದರೂ ಅಲ್ಲಿ ಬದಲಾಗಿರುವುದು ಪುಡಿಯಾ, ಬೈಂಡರಾ, ಸುಡುವ ಕ್ರಮವಾ ಅಂತ ಕೇಳಬಹುದು. ನಾಲ್ಕನೆಯದು ಯಾವುದೂ ಇಲ್ಲ. ಪೊಟ್ಟಣದ ಬಣ್ಣವೊಂದಿರಬಹುದು, ಅಷ್ಟೇ.

ಈ ಕಸುಬಿನ ದೊಡ್ಡ ಸುದ್ದಿಗಳನ್ನು ಹಿಂದಕ್ಕೆ ತಿರುಗಿ ನೋಡಿದರೂ ಇದೇ ಕಾಣುತ್ತದೆ. 1990ರ ದಶಕದ ಆರಂಭದಲ್ಲಿ ಜಪಾನಿನ ಮಿತ್ಸುಬಿಷಿ ಮೆಟೀರಿಯಲ್ಸ್‌ನಲ್ಲಿ ಮಸಾಕಿ ಮೊರಿಕಾವಾ ಅವರು ಪ್ರೆಷಿಯಸ್ ಮೆಟಲ್ ಕ್ಲೇ ರೂಪಿಸಿದರು. ನಾವೆಲ್ಲ ಪಿಎಂಸಿ ಅನ್ನುವುದು ಅದನ್ನೇ. ಆ ಮೊದಲ ಕ್ಲೇ 28 ಪ್ರತಿಶತದ ಹತ್ತಿರ ಕುಗ್ಗುತ್ತಿತ್ತು. 900 ಡಿಗ್ರಿಯಲ್ಲಿ 2 ಗಂಟೆ ಸುಡಬೇಕಿತ್ತು. ಜಪಾನಿನದೇ ಇನ್ನೊಂದು ಕಂಪನಿ ಐದಾ ಕೆಮಿಕಲ್ ಇಂಡಸ್ಟ್ರೀಸ್ ಆರ್ಟ್ ಕ್ಲೇ ತಂದಿತು. 90ರ ದಶಕದ ನಡುವೆ ಪಿಎಂಸಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಲೋಹಶಿಲ್ಪಿ, ಶಿಕ್ಷಕ ಟಿಮ್ ಮೆಕ್‌ಕ್ರೈಟ್ ಇದನ್ನು ಆಭರಣಕಾರರಿಗೆ ಪರಿಚಯಿಸಿದವರಲ್ಲಿ ಮುಖ್ಯರು. ಆಮೇಲೆ ಪಿಎಂಸಿ ಪ್ಲಸ್, ಪಿಎಂಸಿ 3 ಬಂದವು. ಕಣಗಳ ಗಾತ್ರ, ಆಕಾರ ಬದಲಾಯಿತು. ಒತ್ತೊತ್ತಾಗಿ ಕೂರುವ ಕಣಗಳ ನಡುವೆ ಖಾಲಿ ಜಾಗ ಕಡಿಮೆ. ಹಾಗಾಗಿ ಕುಗ್ಗುವುದು 10ರಿಂದ 15 ಪ್ರತಿಶತಕ್ಕೆ ಇಳಿಯಿತು. ಸಣ್ಣ ಕಣಗಳು ಬೇಗ ಬೆಸೆಯುತ್ತವೆ. ಹಾಗಾಗಿ 600–650 ಡಿಗ್ರಿಯಲ್ಲೂ ಸುಡುವ ಹಾಗಾಯಿತು. ಟಾರ್ಚ್‌ನಲ್ಲಿ (ಕೈಯಲ್ಲಿ ಹಿಡಿಯುವ ಗ್ಯಾಸ್ ಜ್ವಾಲೆಯಲ್ಲಿ) ಪೆಂಡೆಂಟ್ ಸುಡುವುದು ಮನೆಮನೆಗೆ ಬಂದದ್ದು ಇದರಿಂದ. ಅಂಥ ಸುದ್ದಿ ಬಂದಾಗ ಕೆಲಸ ಬಿಟ್ಟು ಕಿವಿ ಕೊಡಬೇಕಿತ್ತು, ಯಾಕೆಂದರೆ ಎಲ್ಲರ ಅಂಕಿಗಳೂ ಬದಲಾದವು.

ಎರಡನೆಯ ದೊಡ್ಡ ತಿರುವು 2008ರದ್ದು. ಬಿಲ್ ಸ್ಟ್ರೂವ್ ಅವರ ಮೆಟಲ್ ಅಡ್ವೆಂಚರ್ಸ್ ಬ್ರಾಂಜ್‌ಕ್ಲೇ ಹೊರತಂದಿತು. ಮರುವರ್ಷ ಕಾಪರ್‌ಕ್ಲೇ ಬಂತು. ಬೆಳ್ಳಿಯ ಬೆಲೆ 2011ರ ಹೊತ್ತಿಗೆ ವಿಪರೀತ ಏರಿದಾಗ ತುಂಬಾ ಜನ ಕಂಚು, ತಾಮ್ರದ ಕಡೆ ವಾಲಿದರು. ದೊಡ್ಡ ಪದಕ, ದಪ್ಪ ಬಳೆ, ಮೊಳೆತ ಬೀಜದಂಥ ಟೊಳ್ಳು ಮಣಿ, ಬೆಳ್ಳಿಯಲ್ಲಿ ಕೈ ಹಾಕಲು ಹೆದರುತ್ತಿದ್ದ ಕೆಲಸಗಳಿಗೆಲ್ಲ ಧೈರ್ಯ ಬಂತು. ನನ್ನ ಮಟ್ಟಿಗೆ ಈ ಕಸುಬು ಅತಿ ಹೆಚ್ಚು ಬೆಳೆದದ್ದು ಆ ಕೆಲವೇ ವರ್ಷಗಳಲ್ಲಿ.

ಆದರೆ ಕಂಚು, ತಾಮ್ರಕ್ಕೆ ಒಂದು ತೊಡಕಿದೆ. ಬಿಸಿಯಾದ ತಾಮ್ರ ಗಾಳಿಯ ಆಮ್ಲಜನಕದ ಜೊತೆ ಸೇರಿ ಆಕ್ಸೈಡ್ ಆಗುತ್ತದೆ. ಪ್ರತಿ ಕಣದ ಮೇಲೂ ಆ ಪದರ ಕಟ್ಟಿಕೊಂಡರೆ ಕಣಗಳು ಬೆಸೆಯುವುದಿಲ್ಲ. ಸುಟ್ಟ ತುಂಡು ಕೈಯಲ್ಲೇ ಪುಡಿಯಾಗುತ್ತದೆ. ಅದಕ್ಕೇ ಸ್ಟೇನ್‌ಲೆಸ್ ಸ್ಟೀಲ್ ಡಬ್ಬದಲ್ಲಿ ಆಕ್ಟಿವೇಟೆಡ್ ಕಾರ್ಬನ್ (ನಿಮ್ಮ ಬಳಗದವರು ಇದ್ದಿಲು ಅನ್ನುವುದು ಇದನ್ನೇ) ತುಂಬಿ, ಅದರ ನಡುವೆ ತುಂಡನ್ನು ಹೂತು ಸುಡುತ್ತಾರೆ. ಕಾರ್ಬನ್ ಆಮ್ಲಜನಕವನ್ನು ಕಬಳಿಸುತ್ತದೆ, ಲೋಹ ಉಳಿಯುತ್ತದೆ. ಇಲ್ಲಿ ಇನ್ನೊಂದು ಸಿಕ್ಕು: ಬೈಂಡರ್ ಚೆನ್ನಾಗಿ ಸುಟ್ಟು ಹೋಗಲು ಆಮ್ಲಜನಕ ಬೇಕು, ಲೋಹ ಬೆಸೆಯಲು ಆಮ್ಲಜನಕ ಇರಬಾರದು. ಹಾಗಾಗಿ ಎರಡು ಹಂತ ಬಂದವು. ಬೆಳ್ಳಿಗೆ ಸ್ವಲ್ಪ ತಾಮ್ರ ಬೆರೆತ ಸ್ಟರ್ಲಿಂಗ್ ಕ್ಲೇಗೆ ಸಾಮಾನ್ಯವಾಗಿ ಮೊದಲು ತೆರೆದ ಕಿಲ್ನ್‌ನಲ್ಲಿ 540 ಡಿಗ್ರಿ ಆಸುಪಾಸು ಸುಟ್ಟು ಬೈಂಡರ್ ಕಳೆಯುತ್ತಾರೆ. ಆಮೇಲೆ ಕಾರ್ಬನ್‌ನಲ್ಲಿ ಹೂತು 815 ಡಿಗ್ರಿ ಆಸುಪಾಸಿಗೆ ಒಯ್ಯುತ್ತಾರೆ. ಮೊದಲ ಹಂತ ಮುಗಿದಾಗ ತುಂಡು ತುಂಬಾ ಸೂಕ್ಷ್ಮ. ಎತ್ತಿ ಕಾರ್ಬನ್‌ಗೆ ಇಡುವಾಗ ಮುರಿದರೆ ಕಥೆ ಮುಗೀತು.

ಈಗ ನಿಮ್ಮ ಬಳಗದ ಸುದ್ದಿಗೆ ಬರೋಣ: ಇದ್ದಿಲಿಲ್ಲದೆ ಸುಡುವ ಕ್ಲೇ. ಕೇಳಬೇಕಾದ ಮೊದಲ ಮಾತು, ಯಾವ ಲೋಹ? ಶುದ್ಧ ಬೆಳ್ಳಿಯ ಕ್ಲೇಗೆ ಎಂದೂ ಕಾರ್ಬನ್ ಬೇಕಿರಲಿಲ್ಲ. ನೀವು ಬಳಸುತ್ತಿರುವುದು ಅದೇ ಆಗಿದ್ದರೆ ಈ ಸುದ್ದಿಯಲ್ಲಿ ನಿಮಗೆ ಹೊಸದೇನೂ ಇಲ್ಲ. 960 ಬೆಳ್ಳಿ, ಅಂದರೆ ಸಾವಿರದಲ್ಲಿ 960 ಪಾಲು ಬೆಳ್ಳಿ ಇರುವ ಕ್ಲೇ ಆದರೆ ವಿಷಯ ಬೇರೆ. ಇದರ ಹಿಂದೆ ಒಂದು ಸರಳ ಲೆಕ್ಕ ಇದೆ. ಶುದ್ಧ ಬೆಳ್ಳಿಯ ಕ್ಲೇ 99.9, ಸ್ಟರ್ಲಿಂಗ್ ಕ್ಲೇ 92.5. ಲೋಹದ ತೂಕ ಸಮಸಮ ಆಗುವಂತೆ ಬೆರೆಸಿದರೆ 96.2 ಪ್ರತಿಶತ ಬೆಳ್ಳಿ. ತಾಮ್ರ ಅಷ್ಟು ಕಡಿಮೆ ಇರುವುದರಿಂದ ಆಮ್ಲಜನಕದ ಕಾಟ ತಗ್ಗುತ್ತದೆ. ಕಾರ್ಬನ್ ಇಲ್ಲದೆ ತೆರೆದ ತಟ್ಟೆಯ ಮೇಲೇ ಸುಡಬಹುದು. ಆದರೂ ಆ ಸ್ವಲ್ಪ ತಾಮ್ರದಿಂದ ಶುದ್ಧ ಬೆಳ್ಳಿಗಿಂತ ಗಟ್ಟಿಯಾದ ತುಂಡು ಸಿಗುತ್ತದೆ. ಕಲಾವಿದರು ಕೈಯಾರೆ ಬೆರೆಸಿ ನೋಡುತ್ತಿದ್ದ ಈ ಅಳತೆಯ ಕ್ಲೇ ಆಮೇಲೆ ಸಿದ್ಧ ಪೊಟ್ಟಣವಾಗಿಯೂ ಬಂತು. ಸ್ಟ್ರೂವ್ ಅವರ ಇಝಿ 960 ಅಂಥದ್ದು. ನೀವು ಉಂಗುರ, ಕಡಗ ಮಾಡುವವರಾದರೆ ಈ ಸುದ್ದಿಗೆ ಖಂಡಿತ ಕಿವಿ ಕೊಡಿ. ಶುದ್ಧ ಬೆಳ್ಳಿ ಮೆತ್ತಗೆ. ದಿನಾ ಹಾಕುವ ತೆಳು ಉಂಗುರ ಅದರಲ್ಲಿ ಸೊಟ್ಟಗಾಗುತ್ತದೆ. ಓಲೆ, ಪೆಂಡೆಂಟ್ ಮಾತ್ರ ಮಾಡುವವರಿಗೆ ಬದಲಾಯಿಸಲೇಬೇಕಾದ ಕಾರಣ ನನಗೆ ಕಾಣುತ್ತಿಲ್ಲ.

ತಾಮ್ರದ ಕ್ಲೇ ಬಗ್ಗೆ ಹಾಗೆ ಹೇಳಿದರೆ? ಅದೂ ಸಾಧ್ಯ. ಆರ್ಟ್ ಕ್ಲೇ ಕಾಪರ್ ತೆರೆದ ಕಿಲ್ನ್‌ನಲ್ಲೇ 970 ಡಿಗ್ರಿಗೆ ಸುಡುವಂಥದ್ದು. ಆದರೆ ಹೊರಮೈ ಕಪ್ಪಾಗುತ್ತದೆ, ಆ ಪೊರೆ ತೆಗೆಯುವ ಕೆಲಸ ನಿಮ್ಮದು. ಕಂಚಿನ ಬಗ್ಗೆ ಯಾರಾದರೂ ಹೀಗೆ ಹೇಳಿದರೆ ಇನ್ನೊಂದು ಪ್ರಶ್ನೆ ಕೇಳಿ: ಇದ್ದಿಲಿಲ್ಲದೆ ಅಂದರೆ ಎರಡೂ ಹಂತದಲ್ಲಾ, ಮೊದಲ ಹಂತದಲ್ಲಿ ಮಾತ್ರವಾ? ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಮೊದಲು ಬಿದ್ದು ಹೋಗುವುದು ಈ ವಿವರವೇ.

ಕಾರ್ಬನ್ ಡಬ್ಬದಲ್ಲಿ ಸುಡುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಡಬ್ಬದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ತೆರೆದಿರುವ, ಗಾಳಿ ಆಡುವ ಕೋಣೆಯಲ್ಲೇ ಸುಡಿ. ಅನಿಲ ಪತ್ತೆ ಹಚ್ಚುವ ಅಲಾರಂ ಇಟ್ಟುಕೊಳ್ಳಿ. ಮಲಗುವ ಕೋಣೆಯಲ್ಲಿ ಕಿಲ್ನ್ ಇಟ್ಟಿರುವ ಫೋಟೋಗಳನ್ನು ನೋಡಿದಾಗ ನಿಜವಾಗಿಯೂ ಸಂಕಟವಾಗುತ್ತದೆ.

ಇನ್ನೊಂದು ಬಗೆಯ ಸುದ್ದಿ: ನಮ್ಮ ಕ್ಲೇ 10 ನಿಮಿಷದಲ್ಲಿ ಸುಡುತ್ತದೆ. ಸುಳ್ಳಲ್ಲ. ಆದರೆ ಅದು ಸಾಕಾಗುವ ಕನಿಷ್ಠ. ಕಣಗಳು ಬೆಸೆಯುವುದು ಶಾಖ ಮತ್ತು ಸಮಯ ಎರಡನ್ನೂ ನೆಚ್ಚಿಕೊಂಡಿದೆ. ಶಾಖ ಜಾಸ್ತಿ, ಹೊತ್ತು ಜಾಸ್ತಿ ಆದಷ್ಟೂ ತುಂಡು ಗಟ್ಟಿ. ಕಿಲ್ನ್ ಇರುವವರಿಗೆ ನನ್ನ ಸಲಹೆ ಒಂದೇ. ಕಲ್ಲು, ಗಾಜು ಒಳಗಿಲ್ಲದ ಶುದ್ಧ ಬೆಳ್ಳಿಯ ತುಂಡಾದರೆ, ಪೊಟ್ಟಣದ ಮೇಲೆ ಎಷ್ಟೇ ಕಡಿಮೆ ಬರೆದಿರಲಿ, 900 ಡಿಗ್ರಿಯಲ್ಲಿ 2 ಗಂಟೆ ಸುಡಿ. ಕಡಿಮೆ ಶಾಖದ ಕ್ರಮ ಇರುವುದು ಶಾಖ ತಡೆಯದ ವಸ್ತು ಒಳಗಿದ್ದಾಗ, ಇಲ್ಲವೇ ಕಿಲ್ನ್ ಇಲ್ಲದಾಗ. ಇದರ ಜೊತೆಗೇ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಕೊಂಡಿ, ಓಲೆಯ ಕಡ್ಡಿಗಳು ಹೆಚ್ಚಾಗಿ ಸ್ಟರ್ಲಿಂಗ್. ಸ್ಟರ್ಲಿಂಗ್ 802 ಡಿಗ್ರಿ ಆಸುಪಾಸಿನಲ್ಲೇ ಕರಗಲು ಶುರುವಾಗುತ್ತದೆ, 893ರ ಹೊತ್ತಿಗೆ ಪೂರ್ತಿ ನೀರು. ಅದನ್ನು ಕ್ಲೇ ಒಳಗೆ ಹೂತು 900ಕ್ಕೆ ಒಯ್ದರೆ ಏನಾಗುತ್ತದೆ ಅಂತ ಊಹಿಸಿ. ಒಳಗೆ ಹೂಳುವ ಕೊಂಡಿಗಳು ಶುದ್ಧ ಬೆಳ್ಳಿಯವೇ ಆಗಿರಲಿ.

900 ಅಂದೆ. ಆದರೆ ನಿಮ್ಮ ಕಿಲ್ನ್ 900 ಅಂತ ತೋರಿಸಿದಾಗ ಒಳಗೆ ನಿಜಕ್ಕೂ 900 ಇದೆಯಾ? ಬಳಗದಲ್ಲಿ ಹೊಸ ಕ್ಲೇ ಸರಿಯಿಲ್ಲ ಅಂತ ಬರುವ ದೂರುಗಳಲ್ಲಿ ಎಷ್ಟೋ ಕಿಲ್ನ್‌ನ ದೂರುಗಳೇ. ಶಾಖ ಅಳೆಯುವ ಥರ್ಮೋಕಪಲ್ ಹಳೆಯದಾದಂತೆ ತಪ್ಪು ತೋರಿಸುತ್ತದೆ. ಬಾಗಿಲ ಹತ್ತಿರ ತಣ್ಣಗೆ, ಹಿಂಬದಿ ಬಿಸಿ ಇರುವುದು ಚಿಕ್ಕ ಕಿಲ್ನ್‌ಗಳಲ್ಲಿ ಮಾಮೂಲು. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಶುದ್ಧ ಬೆಳ್ಳಿಯ ತಂತಿಯ ಚಿಕ್ಕ ಚೂರನ್ನು ಸೆರಾಮಿಕ್ ಫೈಬರ್ ಹಾಳೆಯ ತುಣುಕಿನ ಮೇಲೆ ಇಡಿ. ಕಿಲ್ನನ್ನು 945ಕ್ಕೆ ಒಯ್ದು ಕೆಲವು ನಿಮಿಷ ಹಿಡಿಯಿರಿ. ತಂತಿ ಕರಗಿ ಗುಂಡಗಾದರೆ ನಿಮ್ಮ ಕಿಲ್ನ್ ತೋರಿಸುವುದಕ್ಕಿಂತ ಕನಿಷ್ಠ 17 ಡಿಗ್ರಿ ಜಾಸ್ತಿ ಬಿಸಿ ಇದೆ. ಹಾಗೇ ಇದ್ದರೆ 5 ಡಿಗ್ರಿಯಂತೆ ಏರಿಸುತ್ತಾ ಹೋಗಿ ಎಲ್ಲಿ ಕರಗುತ್ತದೆ ಅಂತ ಬರೆದಿಡಿ. 962ಕ್ಕೂ ನಿಮ್ಮ ಅಂಕಿಗೂ ಇರುವ ಅಂತರವೇ ಕಿಲ್ನ್‌ನ ತಪ್ಪು. ಮುಂದೆ ಯಾವ ಹೊಸ ಕ್ಲೇ ಬಂದರೂ ಈ ಅಂತರ ಕೂಡಿ ಕಳೆದೇ ಸುಡಬೇಕು. ಕಾರ್ಬನ್ ಡಬ್ಬದಲ್ಲಿ ಸುಡುವಾಗ ಇನ್ನೂ ಹುಷಾರು. ಕಿಲ್ನ್ ತೋರಿಸುವುದು ಡಬ್ಬದ ಹೊರಗಿನ ಶಾಖ. ನಡುವಿನಲ್ಲಿ ಹೂತಿರುವ ತುಂಡು ಅಲ್ಲಿಗೆ ಮುಟ್ಟಲು ತಡ ಮಾಡುತ್ತದೆ. ಡಬ್ಬ ದೊಡ್ಡದಾದಷ್ಟೂ ಹೊತ್ತು ಜಾಸ್ತಿ ಬೇಕು.

ಇನ್ನು ನಿಮ್ಮ ಕ್ಲೇ ನಿಲ್ಲುತ್ತದೆ ಅನ್ನುವ ವಿಷಯ. ಮೊದಲು ಅದು ನಿಜವಾ ಅಂತ ನೋಡಿ. ಒಂದು ಮಾರಾಟಗಾರರ ಹತ್ತಿರ ಸ್ಟಾಕ್ ಇಲ್ಲ ಅನ್ನುವುದು ಒಂದು ಮಾತು, ಆ ದೇಶದ ವಿತರಕರು ಬಿಟ್ಟರು ಅನ್ನುವುದು ಇನ್ನೊಂದು, ತಯಾರಕರೇ ನಿಲ್ಲಿಸಿದರು ಅನ್ನುವುದು ಮತ್ತೊಂದು. ಬಳಗದಲ್ಲಿ ಮೂರೂ ಒಂದೇ ಸಾಲಾಗಿ ಬರುತ್ತವೆ: ನಿಂತೇ ಹೋಯ್ತಂತೆ! ತಯಾರಕರು ಸ್ವತಃ ಹೇಳಿದ್ದಾರಾ ಅಂತ ನೋಡುವವರೆಗೆ ಪೊಟ್ಟಣ ಗುಡ್ಡೆ ಹಾಕಬೇಡಿ. ಇದಕ್ಕಿಂತ ಹೆಚ್ಚು ಗಮನ ಕೊಡಬೇಕಾದ, ಸದ್ದಿಲ್ಲದೆ ಬರುವ ಬದಲಾವಣೆ ಇನ್ನೊಂದಿದೆ. ಹೆಸರು ಅದೇ, ಪೊಟ್ಟಣ ಅದೇ, ಆದರೆ ಒಳಗಿನ ಸೂಚನೆ ಚೀಟಿಯಲ್ಲಿ ಶಾಖವೋ, ಕುಗ್ಗುವ ಪ್ರಮಾಣವೋ ಬದಲಾಗಿರುತ್ತದೆ. ಅಂದರೆ ಒಳಗಿನ ಕ್ಲೇ ಬದಲಾಗಿರಬಹುದು. ಪ್ರತಿ ಪೊಟ್ಟಣದ ಚೀಟಿ ತೆಗೆದಿಡಿ. ಹೊಸದು ಬಂದಾಗ ಹಳೆಯದರ ಪಕ್ಕ ಇಟ್ಟು ಓದಿ. ಎರಡು ನಿಮಿಷದ ಕೆಲಸ.

ನಿಜಕ್ಕೂ ನಿಲ್ಲುತ್ತದೆ ಅಂದರೆ, ಈಗಾಗಲೇ ಒಪ್ಪಿಕೊಂಡ ಕೆಲಸಕ್ಕೆ, ಜೋಡಿ ಪೂರ್ತಿ ಮಾಡಬೇಕಾದ ಸರಣಿಗೆ ಎಷ್ಟು ಬೇಕೋ ಅಷ್ಟು ಕೊಂಡಿಡಿ. ಜಾಸ್ತಿ ಬೇಡ. ಮುಚ್ಚಿದ ಪೊಟ್ಟಣದಲ್ಲೂ ಕ್ಲೇ ನಿಧಾನಕ್ಕೆ ಒಣಗುತ್ತದೆ. ಒಣಗಿದರೆ ಎಸೆಯಬೇಕಿಲ್ಲ. ಪುಡಿ ಮಾಡಿ, ಸಣ್ಣ ಜರಡಿಯಲ್ಲಿ ಸೋಸಿ, ಡಿಸ್ಟಿಲ್ಡ್ ವಾಟರ್ ಹನಿಹನಿಯಾಗಿ ಸೇರಿಸಿ ನಾದಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಂದು ರಾತ್ರಿ ಬಿಡಿ. ಮತ್ತೆ ಮೆತ್ತಗಾಗುತ್ತದೆ. ಬೆಳ್ಳಿಯ ಕ್ಲೇಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತುವ ತಪ್ಪು ಮಾತ್ರ ಬೇಡ, ಬೆಳ್ಳಿ ಹಾಳಾಗುತ್ತದೆ. ಪುಡಿ ಮಾಡುವಾಗ, ಒಣಗಿದ ತುಂಡು ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.

ಬೇರೆ ಕ್ಲೇಗೆ ಹೋಗುವಾಗ ಅಂಕಿ ಹೇಗೆ ಕೈಕೊಡುತ್ತದೆ ಅಂತ ಒಂದು ಉಂಗುರದ ಲೆಕ್ಕದಲ್ಲಿ ನೋಡಿ. ಒಳಸುತ್ತು 54 ಮಿಲಿಮೀಟರ್ ಬೇಕು. ನಿಮ್ಮ ಹಳೆಯ ಕ್ಲೇ 10 ಪ್ರತಿಶತ ಕುಗ್ಗುತ್ತಿತ್ತು. 54ನ್ನು 0.90ರಿಂದ ಭಾಗಿಸಿದರೆ 60. ಅಷ್ಟು ಸುತ್ತಿನ ಉಂಗುರ ಮಾಡುತ್ತಿದ್ದಿರಿ. ಹೊಸ ಕ್ಲೇ 15 ಪ್ರತಿಶತ ಕುಗ್ಗುವಂಥದ್ದು. ಅಭ್ಯಾಸಬಲದಿಂದ ಅದೇ 60 ಮಾಡಿದರೆ ಸಿಗುವುದು 51. ಬೆರಳಿಗೇ ಹೋಗಲ್ಲ. 54ಕ್ಕೆ 15 ಪ್ರತಿಶತ ಕೂಡಿಸಿದರಾಯ್ತು ಅಂತ 62 ಮಾಡುವವರೂ ಇದ್ದಾರೆ. ಆಗ ಸುಮಾರು 52.7 ಬರುತ್ತದೆ. ಅದೂ ಬಿಗಿ. ಭಾಗಿಸಬೇಕು: 54ನ್ನು 0.85ರಿಂದ ಭಾಗಿಸಿದರೆ 63.5. ಈ ಒಂದು ಲೆಕ್ಕ ತಿಳಿದಿದ್ದರೆ ಬ್ರ್ಯಾಂಡ್ ಬದಲಾಯಿಸುವ ಅರ್ಧ ಭಯ ಹೋಗುತ್ತದೆ. ಕುಗ್ಗುವುದು ಉದ್ದದಲ್ಲಿ ಮಾತ್ರ ಅಲ್ಲ ಅನ್ನುವುದನ್ನೂ ನೆನಪಿಡಿ. ಮೂರೂ ದಿಕ್ಕಿನಲ್ಲಿ 12 ಪ್ರತಿಶತ ಕುಗ್ಗಿದರೆ ಒಟ್ಟು ಘನಗಾತ್ರ ಸುಮಾರು 32 ಪ್ರತಿಶತ ಕಡಿಮೆಯಾಗುತ್ತದೆ. ಹಾಗಾಗಿ ಕೆತ್ತನೆಯ ಆಳವೂ, ತಗಡಿನ ದಪ್ಪವೂ ಬದಲಾಗುತ್ತವೆ. ಉಳಿದ ಹಳೆಯ ಕ್ಲೇಗೆ ಹೊಸದನ್ನು ಒಂದೇ ತುಂಡಿನಲ್ಲಿ ಜೋಡಿಸಬೇಡಿ. ಒಂದು ಭಾಗ ಜಾಸ್ತಿ ಕುಗ್ಗಿ ಇನ್ನೊಂದನ್ನು ಎಳೆಯುತ್ತದೆ. ಸೊಟ್ಟಗಾಗುತ್ತದೆ, ಇಲ್ಲವೇ ಜೋಡಣೆಯಲ್ಲೇ ಬಿರುಕು.

ಪೊಟ್ಟಣದ ಮೇಲಿನ ಅಂಕಿಯನ್ನು ನಂಬಿ ನೇರವಾಗಿ ಉಂಗುರಕ್ಕೆ ಇಳಿಯಬೇಡಿ. ಒಂದು ಪರೀಕ್ಷಾ ಪಟ್ಟಿ ಮಾಡಿ. 60 ಮಿಲಿಮೀಟರ್ ಉದ್ದ, 10 ಅಗಲ, ಒಂದೂವರೆ ದಪ್ಪ ಸಾಕು. ಹಸಿಯಿರುವಾಗಲೇ ಸೂಜಿಯಿಂದ 50 ಮಿಲಿಮೀಟರ್ ಅಂತರದಲ್ಲಿ ಎರಡು ಗೆರೆ ಹಾಕಿ. ಒಣಗಿದ ಮೇಲೆ ಒಮ್ಮೆ, ಸುಟ್ಟ ಮೇಲೆ ಒಮ್ಮೆ ಅಳೆಯಿರಿ. 50 ಇದ್ದದ್ದು 44 ಆದರೆ 12 ಪ್ರತಿಶತ. ಹಸಿಯಿಂದ ಅಳೆದ ಅಂಕಿ, ಒಣಗಿದ ಮೇಲಿಂದ ಅಳೆದ ಅಂಕಿ ಬೇರೆ ಬೇರೆ. ಬಳಗದಲ್ಲಿ ಒಂದೇ ಕ್ಲೇ ಬಗ್ಗೆ ಇಬ್ಬರು ಎರಡು ಅಂಕಿ ಹೇಳಿ ಜಗಳಾಡುವುದು ಎಷ್ಟೋ ಸಲ ಇದಕ್ಕೇ. ಆಮೇಲೆ ಪಟ್ಟಿಯನ್ನು ಚಪ್ಪಟೆ ಇಕ್ಕಳದಲ್ಲಿ ಹಿಡಿದು ಬಗ್ಗಿಸಿ. 90 ಡಿಗ್ರಿ ಬಗ್ಗಿದರೂ ಹೊರಮೈ ಬಿರಿಯದಿದ್ದರೆ ಸುಟ್ಟಿದ್ದು ಸರಿಯಾಗಿದೆ. ಫಟ್ಟನೆ ಮುರಿದರೆ ಮುರಿದ ಮುಖ ನೋಡಿ. ಮಂಕಾಗಿ, ಮರಳಿನ ಹಾಗೆ ಕಂಡರೆ ಬೆಸುಗೆ ಸಾಲದು: ಶಾಖ ಏರಿಸಬೇಕು, ಇಲ್ಲವೇ ಹೊತ್ತು. ನಡುವಿನಲ್ಲಿ ಕಪ್ಪು ಪಟ್ಟೆ ಇದ್ದರೆ ಬೈಂಡರ್ ಪೂರ್ತಿ ಸುಟ್ಟಿಲ್ಲ ಅಂತ ಅನುಮಾನ ಪಡಿ, ಮೊದಲ ಹಂತವನ್ನು ನಿಧಾನ ಮಾಡಿ. ಒಂದು ಒಳ್ಳೆಯ ಪಟ್ಟಿಯನ್ನು ಮುರಿಯಲು ಮನಸ್ಸು ಬರಲ್ಲ, ಗೊತ್ತು. ಆದರೂ ಮುರಿಯಿರಿ. ಹೊರಗಿನ ಹೊಳಪು ಒಳಗಿನ ಬೆಸುಗೆಯ ಬಗ್ಗೆ ಏನೂ ಹೇಳುವುದಿಲ್ಲ. ಉಜ್ಜಿದರೆ ಅರೆಬೆಂದ ಬೆಳ್ಳಿಯೂ ಹೊಳೆಯುತ್ತದೆ.

ಮಾರುವವರಾದರೆ ಲೋಹ ಬದಲಾದಾಗ ಚೀಟಿಯೂ ಬದಲಾಗಬೇಕು. 999 ಅಂತ ಮುದ್ರಿಸಿಟ್ಟ ಕಾರ್ಡನ್ನು 960ರ ಓಲೆಯ ಜೊತೆ ಕೊಡುವ ಹಾಗಿಲ್ಲ. ಇದರಲ್ಲಿ ಪ್ರತಿ ದೇಶದ ನಿಯಮ ಬೇರೆ. ಬ್ರಿಟನ್‌ನಲ್ಲಿ ಬೆಳ್ಳಿಗೆ 800, 925, 958, 999 ಎಂಬ ದರ್ಜೆಗಳಿವೆ. 960ರ ತುಂಡಿಗೆ ಅಲ್ಲಿ ಬೀಳುವುದು 958ರ ಮುದ್ರೆ. 7.78 ಗ್ರಾಂ ಮೀರಿದ ಬೆಳ್ಳಿ ವಸ್ತುವನ್ನು ಬೆಳ್ಳಿ ಅಂತ ಮಾರಲು ಹಾಲ್‌ಮಾರ್ಕ್ ಬೇಕೇ ಬೇಕು. ನೀವು ಮಾರುವ ಕಡೆಯ ನಿಯಮ ಏನು ಅಂತ ಹೊಸ ಕ್ಲೇ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಕಾರ್ಯಕ್ರಮಗಳ ಬಗ್ಗೆ ಕೇಳಿದ್ದೀರಿ. ಸ್ವಲ್ಪ ಸಮಯವೇ ಇದ್ದರೆ ನಾನು ಆರಿಸುವುದು ಸುಟ್ಟ ತುಂಡುಗಳನ್ನು ಕೈಯಲ್ಲಿ ಹಿಡಿಯಲು ಸಿಗುವ ಕಡೆಯನ್ನೇ. ಸಮ್ಮೇಳನ, ಪ್ರದರ್ಶನ, ಚಿಕ್ಕ ಶಿಬಿರ, ಕಲಾವಿದರು ತಮ್ಮ ಚಿಕ್ಕ ತುಂಡುಗಳನ್ನು ಬದಲಾಯಿಸಿಕೊಳ್ಳುವ ಕೂಟ, ಯಾವುದೇ ಆಗಲಿ. ಫೋಟೋದಲ್ಲಿ ತೂಕ ಗೊತ್ತಾಗಲ್ಲ. ಹಿಂಬದಿ ಕಾಣಲ್ಲ. ಒಂದು ತುಂಡನ್ನು ತಿರುಗಿಸಿ ನೋಡಿದರೆ ಕೊಂಡಿ ಹೇಗೆ ಕೂರಿಸಿದ್ದಾರೆ, ಅಂಚು ಎಷ್ಟು ದಪ್ಪ ಬಿಟ್ಟಿದ್ದಾರೆ ಅಂತ ಒಂದೇ ನೋಟದಲ್ಲಿ ತಿಳಿಯುತ್ತದೆ. ದೂರ ಹೋಗಲು ಆಗದವರಿಗೆ ಆನ್‌ಲೈನ್ ತರಗತಿಗಳು ದೊಡ್ಡ ವರ. ಅವುಗಳಲ್ಲಿ ಆರಿಸುವಾಗ ಒಂದನ್ನು ನೋಡಿ: ಸುಡುವ ಭಾಗ ತರಗತಿಯಲ್ಲಿ ಇದೆಯಾ? ರೂಪಿಸುವುದನ್ನು ಎರಡು ಗಂಟೆ ತೋರಿಸಿ, ಸುಡುವುದನ್ನು ಪೊಟ್ಟಣದ ಪ್ರಕಾರ ಅಂತ ಮುಗಿಸುವ ತರಗತಿಗಳು ಜಾಸ್ತಿ. ನಿಮಗೆ ರೂಪಿಸುವುದು ಈಗಾಗಲೇ ಬರುತ್ತದೆ. ಹೊಸ ಲೋಹ ಕಲಿಯಲು ಹೋಗುತ್ತಿದ್ದರೆ ಕಿಲ್ನ್ ತುಂಬುವುದನ್ನು, ಡಬ್ಬದಲ್ಲಿ ತುಂಡು ಹೂಳುವುದನ್ನು, ಕೆಟ್ಟ ತುಂಡನ್ನು ಬಿಡಿಸಿ ತೋರಿಸುವ ಶಿಕ್ಷಕರನ್ನೇ ಹುಡುಕಿ.

ಪ್ರಮಾಣಪತ್ರದ ಕೋರ್ಸ್‌ಗಳೂ ಇವೆ. ಆರ್ಟ್ ಕ್ಲೇಯಲ್ಲಿ ಹಂತಹಂತವಾದ ತರಬೇತಿ ಬಹಳ ಕಾಲದಿಂದ ನಡೆದುಬಂದಿದೆ. ಕಲಿಸುವ ಆಸೆ ಇದ್ದರೆ ಉಪಯೋಗ. ಬರೀ ಆಭರಣ ಮಾಡುವವರಿಗೆ ಅಗತ್ಯವಿಲ್ಲ.

ಸ್ಪರ್ಧೆಗಳನ್ನು ನಾನು ಮನಸಾರೆ ಬೆಂಬಲಿಸುತ್ತೇನೆ, ಗೆಲ್ಲುವುದಕ್ಕಾಗಿ ಅಲ್ಲ. ಒಂದು ವಿಷಯ, ಒಂದು ಕೊನೆಯ ದಿನ ಇದ್ದಾಗ ನಾವು ಮಾಡುವ ಕೆಲಸವೇ ಬೇರೆ. ಯಾವಾಗಲೂ ಎಲೆಯ ಅಚ್ಚು ಒತ್ತುತ್ತಿದ್ದವರು ಕೀಲು ಇರುವ ಡಬ್ಬಿ ಮಾಡಿದ್ದನ್ನು ನೋಡಿದ್ದೇನೆ. ಅಮೆರಿಕದ ಆಭರಣ ಸಾಮಗ್ರಿ ಕಂಪನಿ ರಿಯೋ ಗ್ರ್ಯಾಂಡ್ ನಡೆಸಿದ ಸಾಲ್ ಬೆಲ್ ಡಿಸೈನ್ ಅವಾರ್ಡ್‌ನಂಥ ದೊಡ್ಡ ಆಭರಣ ಸ್ಪರ್ಧೆಯಲ್ಲಿ ಮೆಟಲ್ ಕ್ಲೇಗೆ ಪ್ರತ್ಯೇಕ ವಿಭಾಗವೇ ಇದ್ದ ವರ್ಷಗಳಿವೆ. ಇದು ಹವ್ಯಾಸದ ಆಟಿಕೆ ಅನ್ನುತ್ತಿದ್ದವರಿಗೆ ಅದು ಒಳ್ಳೆಯ ಉತ್ತರವಾಗಿತ್ತು. ಸೇರುವ ಮೊದಲು ನಿಯಮ ಪೂರ್ತಿ ಓದಿ. ತುಂಡಿನಲ್ಲಿ ಎಷ್ಟು ಭಾಗ ಮೆಟಲ್ ಕ್ಲೇ ಇರಬೇಕು, ತರಗತಿಯಲ್ಲಿ ಮಾಡಿದ್ದನ್ನು ಕಳಿಸಬಹುದಾ, ಫೋಟೋದ ಹಕ್ಕು ಯಾರದ್ದು, ತುಂಡು ವಾಪಸ್ ಬರುವ ಖರ್ಚು ಯಾರದ್ದು. ಕೊನೆಯ ದಿನದಿಂದ ಹಿಂದಕ್ಕೆ ಎಣಿಸುವಾಗ ಎರಡು ಸಲ ಸುಡಲು ಸಮಯ ಬಿಟ್ಟುಕೊಳ್ಳಿ. ಸ್ಪರ್ಧೆಯ ತುಂಡನ್ನು ಮಾತ್ರ ಹೊಸ ಕ್ಲೇಯಲ್ಲಿ ಮೊದಲ ಸಲ ಪ್ರಯತ್ನಿಸಬೇಡಿ.

ಹಾಗಾದರೆ ನಿಮ್ಮ ವಿಷಯದಲ್ಲಿ ನಾನು ಏನು ಮಾಡುತ್ತಿದ್ದೆ? ತಯಾರಕರ ಮಾತು ಗೊತ್ತಾಗುವವರೆಗೆ ಹಳೆಯ ಕ್ಲೇಯಲ್ಲೇ ಕೆಲಸ ಮುಂದುವರಿಸುತ್ತಿದ್ದೆ. ಅಷ್ಟರಲ್ಲಿ ಕಿಲ್ನ್‌ನ ತಪ್ಪು ಎಷ್ಟು ಅಂತ ತಂತಿ ಇಟ್ಟು ನೋಡಿಕೊಳ್ಳುತ್ತಿದ್ದೆ. ನೀವು ಉಂಗುರ ಮಾಡುತ್ತೀರಿ, ಆದ್ದರಿಂದ 960ರ ಚಿಕ್ಕ ಪೊಟ್ಟಣ ಒಂದನ್ನು ತಂದು ಎರಡು ಪಟ್ಟಿ ಮಾಡುತ್ತಿದ್ದೆ: ಒಂದು ಸೂಚನೆಯ ಪ್ರಕಾರ ಸುಡಲು, ಇನ್ನೊಂದು ಕಿಲ್ನ್‌ನ ತಪ್ಪನ್ನು ಸರಿಪಡಿಸಿ ಸುಡಲು. ಬಗ್ಗಿಸಿದಾಗ ಏನಾಯಿತೋ ಅದನ್ನು ಬಳಗಕ್ಕೆ ಹಾಕಿ, ಮುರಿದಿದ್ದರೂ ಹಾಕಿ. ಬರೀ ಫೋಟೋ ಬೇಡ. ಕ್ಲೇ ಹೆಸರು, ಪೊಟ್ಟಣದ ಬ್ಯಾಚ್ ಸಂಖ್ಯೆ, ದಪ್ಪ, ಒಣಗಿಸಿದ ಹೊತ್ತು, ಕಿಲ್ನ್ ಏರಿದ ವೇಗ, ತೋರಿಸಿದ ಶಾಖ, ನಿಜವಾದ ಶಾಖ, ಹಿಡಿದ ಹೊತ್ತು, ಹಸಿಯಿಂದ ಎಷ್ಟು ಕುಗ್ಗಿತು, ಎಷ್ಟು ಡಿಗ್ರಿ ಬಗ್ಗಿಸಿದಾಗ ಬಿರಿಯಿತು, ಇವನ್ನೆಲ್ಲ ಬರೆಯಿರಿ. ಇದೇ ಪ್ರಶ್ನೆ ಇಟ್ಟುಕೊಂಡು ಅಲ್ಲಿ ಇನ್ನೂ ಎಷ್ಟೋ ಜನ ಕೂತಿದ್ದಾರೆ.